ಸ್ಕಾಟ್ಲೆಂಡಿನ ಕೋಟೆಗಳು: ದೆವ್ವದ ಕಥೆ ಸಾಕು, ದುಡ್ಡಿನ ಕಥೆ ಹೇಳಿ

ದಾರಿಹೋಕ:

ಹೋದ ತಿಂಗಳು ಹತ್ತು ದಿನ ಸ್ಕಾಟ್ಲೆಂಡ್ ಸುತ್ತಿ ಬಂದೆ. ಕೋಟೆ ಹುಚ್ಚು ನನಗೆ ಮೊದಲಿನಿಂದಲೂ ಇದೆ, ಹೋಗಿದ್ದೂ ಅದಕ್ಕೇ. ಆದರೆ ವಾಪಸ್ ಬಂದಾಗಿನಿಂದ ಒಂದು ಕಿರಿಕಿರಿ. ನಮ್ಮ ಬಸ್ಸಿನ ಗೈಡ್ ಎಲ್ಲ ಕೋಟೆಗೂ ಒಂದೇ ಅಚ್ಚಿನ ಕಥೆ ಹೇಳಿದ. ಇಲ್ಲಿ ಅಣ್ಣ ತಮ್ಮನನ್ನು ಕೊಂದ, ಅಲ್ಲಿ ಊಟಕ್ಕೆ ಕರೆದು ತಲೆ ಕಡಿದರು, ಇನ್ನೊಂದು ಕಡೆ ಹಸಿರು ಬಟ್ಟೆ ತೊಟ್ಟ ಹೆಂಗಸಿನ ದೆವ್ವ. ಮೂರನೇ ದಿನದ ಹೊತ್ತಿಗೆ ಯಾವ ದೆವ್ವ ಯಾವ ಕೋಟೆಯದು ಅನ್ನೋದೇ ಕಲಸಿಹೋಯಿತು.

ಐಲಿಯನ್ ಡೋನನ್ ನೋಡಿದಾಗ ಮಾತ್ರ ಬಾಯಿ ಬಿಟ್ಟುಕೊಂಡು ನಿಂತೆ. ಮೂರು ಕಡಲಕೊಲ್ಲಿ ಸೇರುವ ಜಾಗ, ನಡುವೆ ಪುಟ್ಟ ದ್ವೀಪ, ಕಲ್ಲಿನ ಸೇತುವೆ, ಹಿಂದೆ ಮೋಡ ಹೊದ್ದ ಬೆಟ್ಟ. ಬಿಸ್ಕತ್ತಿನ ಡಬ್ಬದ ಮೇಲೆ, ಕ್ಯಾಲೆಂಡರಿನಲ್ಲಿ, ಹಿಂದಿ ಸಿನಿಮಾ ಹಾಡಿನಲ್ಲಿ ನೀವೂ ನೋಡಿರುತ್ತೀರಿ. ಏಳೆಂಟು ನೂರು ವರ್ಷದ ಗೋಡೆ ಅಂತ ಭಕ್ತಿಯಿಂದ ಕೈಯಿಟ್ಟು ಸವರಿದೆ. ಆಮೇಲೆ ವಿಚಾರಿಸಿದರೆ, 1719ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಸಿಡಿಮದ್ದಿಟ್ಟು ಹಾರಿಸಿತ್ತಂತೆ, ಒಳಗಿದ್ದ ಸ್ಪೇನ್ ಸೈನಿಕರನ್ನು ಹಿಡಿದ ಮೇಲೆ. ಅಲ್ಲಿಂದ ಹತ್ತಿರ ಹತ್ತಿರ 200 ವರ್ಷ ಬರೀ ಕಲ್ಲಿನ ರಾಶಿ. 1911ರಲ್ಲಿ ಮೆಕ್ರೇ-ಗಿಲ್‌ಸ್ಟ್ರಾಪ್ ಅನ್ನುವ ಸೇನಾಧಿಕಾರಿ ದ್ವೀಪ ಕೊಂಡು, ಮತ್ತೆ ಕಟ್ಟಿಸಿ ಮುಗಿಸಿದ್ದು 1932ರಲ್ಲಿ. ಆ ಸೇತುವೆ ಕೂಡ ಆಗಿನದೇ! ನಾನು ಸವರಿದ ಗೋಡೆಗೆ ನಮ್ಮಜ್ಜನ ವಯಸ್ಸು.

ಅಲ್ಲಿಂದ ಶುರುವಾಯಿತು ನನ್ನ ಪ್ರಶ್ನೆ. ಈ ಮನೆತನಗಳು ಇಷ್ಟೊಂದು ಕೋಟೆಗಳನ್ನು ಯಾವ ದುಡ್ಡಲ್ಲಿ ಕಟ್ಟಿದವು, ಯಾವ ದುಡ್ಡಲ್ಲಿ ಉಳಿಸಿಕೊಂಡವು? ಆ ನೆಲದಲ್ಲಿ ಓಟ್ಸ್ ಬಿಟ್ಟರೆ ಏನೂ ಬೆಳೆಯುವ ಹಾಗೆ ಕಾಣಲಿಲ್ಲ. ತಿಳಿದವರು ಹೇಳಿ. ದೆವ್ವ ಬೇಡ, ದಯವಿಟ್ಟು.

ಅಬರ್ಡೀನ್ ಅಣ್ಣ:

ಹನ್ನೆರಡು ವರ್ಷದಿಂದ ಇಲ್ಲೇ ಇದ್ದೇನೆ. ವಾರವೆಲ್ಲ ಎಣ್ಣೆ ಕಂಪನಿ ಕೆಲಸ, ಶನಿವಾರ ಬಂತೆಂದರೆ ಕೋಟೆ. ಹೆಂಡತಿ ಮಕ್ಕಳು ಮೊದಲೆರಡು ವರ್ಷ ಜೊತೆಗೆ ಬಂದರು, ಈಗ ‘ನೀವೇ ಹೋಗಿ ಬನ್ನಿ’ ಅನ್ನುತ್ತಾರೆ.

ನನಗೆ ತುಂಬಾ ಇಷ್ಟದ್ದು ಕ್ರೇಗಿವಾರ್. ಗುಲಾಬಿ ಬಣ್ಣದ ಸಪೂರ ಗೋಪುರ. ಕೆಳಗೆಲ್ಲ ನುಣ್ಣನೆ ನೇರ ಗೋಡೆ, ಮೇಲೆ ಹೋದ ಹಾಗೆ ಮೂಲೆ ಮೂಲೆಯಲ್ಲೂ ಪುಟ್ಟ ಗೋಪುರಗಳು ಮೊಳಕೆ ಒಡೆದ ಹಾಗೆ ಹೊರಗೆ ಚಾಚಿಕೊಂಡಿವೆ. ಶುರು ಮಾಡಿದ್ದು ಮಾರ್ಟಿಮರ್ ಮನೆತನ. ಅರ್ಧಕ್ಕೆ ದುಡ್ಡು ಮುಗಿಯಿತು. 1610ರಲ್ಲಿ ವಿಲಿಯಂ ಫೋರ್ಬ್ಸ್ ಕೊಂಡ. ಊರವರು ಅವನಿಗೆ ಇಟ್ಟ ಹೆಸರು ‘ಡಾನ್‌ಜಿಗ್ ವಿಲ್ಲಿ’, ಯಾಕೆಂದರೆ ಬಾಲ್ಟಿಕ್ ಕಡಲಿನ ಡಾನ್‌ಜಿಗ್ ಬಂದರಿನ ಜೊತೆ ವ್ಯಾಪಾರ ಮಾಡಿ ದುಡ್ಡು ಕಂಡವನು. 1626ರಲ್ಲಿ ಕೆಲಸ ಮುಗಿಸಿದ. ಅಂದರೆ ಇದು ಯುದ್ಧಕ್ಕೆ ಕಟ್ಟಿದ್ದಲ್ಲ, ಕೈಯಲ್ಲಿ ಕಾಸಾಡಿದ ವ್ಯಾಪಾರಿ ‘ನಾನೂ ದೊಡ್ಡ ಮನೆಯವನು’ ಅಂತ ತೋರಿಸಲು ಕಟ್ಟಿಸಿದ್ದು.

ಆದರೂ ಕಳ್ಳಕಾಕರ ಭಯ ಇದ್ದೇ ಇತ್ತು, ಅದು ಬಾಗಿಲಲ್ಲಿ ಗೊತ್ತಾಗುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಬಾಗಿಲು. ಮರದ ಬಾಗಿಲ ಹಿಂದೆ ಕಬ್ಬಿಣದ ಸರಳಿನ ಇನ್ನೊಂದು ಬಾಗಿಲು, ಇಲ್ಲಿ ಅದಕ್ಕೆ ‘ಯೆಟ್’ ಅನ್ನುತ್ತಾರೆ. ಸರಳುಗಳನ್ನು ಒಂದರೊಳಗೊಂದು ತೂರಿಸಿ ಬುಟ್ಟಿಯ ಹಾಗೆ ಹೆಣೆದಿರುತ್ತಾರೆ, ಒಂದನ್ನು ಮಾತ್ರ ಕಿತ್ತು ತೆಗೆಯೋಕೆ ಆಗಲ್ಲ. ಇಂಥ ಗೋಪುರ ಮನೆಗಳಲ್ಲಿ ಕೆಳ ಅಂತಸ್ತು ಕಲ್ಲಿನ ಕಮಾನಿನ ಉಗ್ರಾಣ, ಕೆಳಗೆ ಬೆಂಕಿ ಹಾಕಿದರೂ ಮೇಲಕ್ಕೆ ಹತ್ತಬಾರದು ಅಂತ. ಅದರ ಮೇಲೆ ಹಜಾರ. ಅಲ್ಲಿಂದ ಮೇಲಕ್ಕೆ ಸುರುಳಿ ಮೆಟ್ಟಿಲು, ಇಬ್ಬರು ಎದುರುಬದುರು ಬಂದರೆ ಒಬ್ಬರು ವಾಪಸ್ ಇಳಿಯಬೇಕು. ನಾನೊಮ್ಮೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಹತ್ತಿ ಸಿಕ್ಕಿಹಾಕಿಕೊಂಡೆ. ಹಿಂದಿದ್ದ ಅಜ್ಜಿಯೊಬ್ಬರು ತಳ್ಳಿ ಬಿಡಿಸಿದರು.

ಫೋರ್ಬ್ಸ್ ವಂಶದವರು 1963ರವರೆಗೆ ಇಟ್ಟುಕೊಂಡು, ಕೊನೆಗೆ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಬಿಟ್ಟರು.

ಪ್ರಶ್ನೆಪುಟ್ಟಿ:

ದಡ್ಡ ಪ್ರಶ್ನೆ ಇದ್ದರೆ ಕ್ಷಮಿಸಿ. ಈ ಮನೆತನಗಳನ್ನು ಕ್ಲಾನ್ ಅಂತಾರಲ್ಲ, ಹಾಗಂದರೆ ಎಲ್ಲರೂ ಒಂದೇ ರಕ್ತದವರಾ? ನನ್ನ ಟೀಮಿನಲ್ಲಿ ಒಬ್ಬ ಕ್ಯಾಂಪ್‌ಬೆಲ್ ಇದ್ದಾನೆ, ‘ನಮ್ಮದು ಡ್ಯೂಕ್ ವಂಶ’ ಅಂತ ಬಿಲ್ಡಪ್ ಕೊಡುತ್ತಾನೆ. ಅವನ ಹಸಿರು ಚೌಕುಳಿ ಟೈ ಕೂಡ ಸಾವಿರ ವರ್ಷ ಹಳೆಯ ವಿನ್ಯಾಸವಂತೆ.

ಹಳೇ ಮೇಷ್ಟ್ರು:

ಪುಟ್ಟಿ, ಅವನಿಗೆ ಬೇಜಾರು ಮಾಡಬೇಡಿ, ಆದರೆ ಎರಡನ್ನೂ ನಂಬಬೇಡಿ. ಗೇಲಿಕ್ ಭಾಷೆಯಲ್ಲಿ ಆ ಪದಕ್ಕೆ ಮಕ್ಕಳು ಅಂತ ಅರ್ಥ. ಎಲ್ಲರೂ ಒಬ್ಬ ಮೂಲಪುರುಷನ ಮಕ್ಕಳು ಅನ್ನುವುದು ನಂಬಿಕೆ. ನಿಜದಲ್ಲಿ ನಾಯಕನ ರಕ್ತಸಂಬಂಧಿಗಳು ಸ್ವಲ್ಪವೇ ಜನ. ಉಳಿದವರು ಅವನ ನೆಲದಲ್ಲಿ ಉಳುಮೆ ಮಾಡಿಕೊಂಡು, ಯಾವುದಕ್ಕೂ ಇರಲಿ ಅಂತ ಅವನ ಹೆಸರು ಹಚ್ಚಿಕೊಂಡವರು. ಫ್ರೇಸರ್‌ಗಳಲ್ಲಿ ಕೆಲವರಿಗೆ ‘ಹಿಟ್ಟಿನ ಫ್ರೇಸರ್’ ಅಂತಲೇ ಅಡ್ಡಹೆಸರಿತ್ತು, ಒಂದು ಅಳತೆ ಓಟ್ಸ್ ಹಿಟ್ಟಿಗೆ ಹೆಸರು ಬದಲಿಸಿಕೊಂಡವರು ಅಂತ! ಇನ್ನು ಟೈ. ಚೌಕುಳಿ ಬಟ್ಟೆ ಹಳೆಯದು, ಸರಿ. ಆದರೆ ಇಂಥ ಮನೆತನಕ್ಕೆ ಇಂಥದೇ ಚೌಕುಳಿ ಅನ್ನುವ ಪದ್ಧತಿ ಗಟ್ಟಿಯಾಗಿದ್ದು 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದ ಸಂಭ್ರಮದ ಆಸುಪಾಸಿನಲ್ಲಿ.

ಈಗ ದಾರಿಹೋಕರ ಪ್ರಶ್ನೆ. ಅಣ್ಣ ಹೇಳಿದ್ದು ಪೂರ್ವದ ಬಯಲಿನ ಕಥೆ. ಹೈಲ್ಯಾಂಡ್, ಅಂದರೆ ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡು, ಬೇರೆ. ಅಲ್ಲಿ ನಾಯಕನ ಆಸ್ತಿ ಅಂದರೆ ಜನ. ಕೂಗಿದರೆ ಎಷ್ಟು ಕತ್ತಿ ಬರುತ್ತವೆ ಅನ್ನುವುದೇ ಲೆಕ್ಕ. ಗೇಣಿ ಬಹುಪಾಲು ದನ, ಹಿಟ್ಟು, ಬೆಣ್ಣೆ, ಬಿಟ್ಟಿ ಕೆಲಸದ ರೂಪದಲ್ಲಿ ಬರುತ್ತಿತ್ತು. ಬಂದಿದ್ದನ್ನು ಹಜಾರದಲ್ಲಿ ಕೂರಿಸಿ ಊಟ ಹಾಕಿ ಖರ್ಚು ಮಾಡುವುದೇ ದೊಡ್ಡಸ್ತಿಕೆ. ತನ್ನ ನೆಲದಲ್ಲಿ ನ್ಯಾಯ ಹೇಳುವವನೂ ಅವನೇ. ಕೆಲವರಿಗೆ ಜೀವ ತೆಗೆಯುವ ಹಕ್ಕೂ ಇತ್ತು, ಗಂಡಸರಿಗೆ ನೇಣು, ಹೆಂಗಸರಿಗೆ ನೀರಿನ ಗುಂಡಿ. ಆ ಹಕ್ಕಿನ ಹೆಸರೇ ‘ಗುಂಡಿ ಮತ್ತು ನೇಣು’.

ಬ್ರಿಟನ್ನಿನ ಪಟ್ಟ ತನ್ನ ಮನೆತನದ್ದು ಅಂತ ಹೈಲ್ಯಾಂಡಿನ ಜನ ಕಟ್ಟಿಕೊಂಡು ದಂಗೆ ಎದ್ದಿದ್ದ ಸ್ಟುವರ್ಟ್ ರಾಜಕುಮಾರನ ಪಡೆ 1746ರಲ್ಲಿ ಕಲೋಡೆನ್ ಬಯಲಿನಲ್ಲಿ ಸೋತಿತು. ಅದಾದ ಮೇಲೆ ಪಾರ್ಲಿಮೆಂಟ್ ಈ ವಂಶಪಾರಂಪರ್ಯದ ನ್ಯಾಯದ ಹಕ್ಕುಗಳನ್ನೆಲ್ಲ ಕಿತ್ತುಕೊಂಡಿತು. ನಾಯಕನಾಗಿದ್ದವನು ಬರೀ ಜಮೀನ್ದಾರನಾದ. ಸಾಲ ಮೊದಲೂ ಇತ್ತು, ಈಗ ತೀರಿಸುವ ದಾರಿಯೂ ಹೋಯಿತು. ಮಗನ ಓದು, ಲಂಡನ್ನಿನ ಮನೆ, ಕುದುರೆಗಾಡಿ, ಎಲ್ಲಕ್ಕೂ ನಗದು ಬೇಕು. ದನ ಕೊಡ್ತೀನಿ ಅಂದರೆ ಲಂಡನ್ನಿನ ದರ್ಜಿ ಕೋಟು ಹೊಲಿಯುತ್ತಾನಾ?

ಸಂಶಯಪ್ಪ:

ಮೇಷ್ಟ್ರೇ, ಎಲ್ಲಕ್ಕೂ ದುಡ್ಡೇ ಕಾರಣ ಅನ್ನೋದು ಸ್ವಲ್ಪ ಜಾಸ್ತಿ ಆಯಿತು. 1440ರ ‘ಕರಿ ಊಟ’ ತಗೊಳ್ಳಿ. ಡಗ್ಲಸ್ ಮನೆತನದ ಆರನೇ ಅರ್ಲ್ (ದೊಡ್ಡ ಸರದಾರರ ಬಿರುದು ಅದು), ಹದಿನಾರರ ಆಸುಪಾಸಿನ ಹುಡುಗ, ಜೊತೆಗೆ ತಮ್ಮ. ಇಬ್ಬರನ್ನೂ ಎಡಿನ್‌ಬರಾ ಕೋಟೆಗೆ ಊಟಕ್ಕೆ ಕರೆದು, ಅಲ್ಲೇ ಒಂದು ವಿಚಾರಣೆಯ ನಾಟಕ ಮಾಡಿ, ತಲೆ ತೆಗೆದರು. ದೊರೆ ಎರಡನೇ ಜೇಮ್ಸ್‌ಗೆ ಆಗ ಹತ್ತು ವರ್ಷ. ಬೆಳೆದು ದೊಡ್ಡವನಾದ ಮೇಲೆ ಅವನೇ 1452ರಲ್ಲಿ ಸ್ಟರ್ಲಿಂಗ್ ಕೋಟೆಯಲ್ಲಿ ಎಂಟನೇ ಅರ್ಲ್ ಡಗ್ಲಸ್‌ನನ್ನು ಅಭಯ ಕೊಟ್ಟು ಕರೆಸಿ, ಸ್ವಂತ ಕೈಯಿಂದ ಇರಿದ. ಇದು ಅಧಿಕಾರದ ಜಗಳ. ಇದರಲ್ಲಿ ಸಾಲ ಎಲ್ಲಿ ಬಂತು?

ಹಳೇ ಮೇಷ್ಟ್ರು:

ಸಾಲ ಇಲ್ಲ, ಆಸ್ತಿ ಇದೆ. ಆ ಹುಡುಗ ಸತ್ತ ಮೇಲೆ ಅರ್ಲ್ ಆದವನು ಯಾರು ಅಂತ ನೋಡಿ. ಅವರಜ್ಜನ ತಮ್ಮ ಜೇಮ್ಸ್ ಡಗ್ಲಸ್, ‘ದಪ್ಪ ಜೇಮ್ಸ್’ ಅಂತ ಕರೆಯುತ್ತಿದ್ದರು. ಅವನೂ ಈ ಸಂಚಿನಲ್ಲಿ ಇದ್ದ ಅನ್ನುವುದು ಬಹಳ ಇತಿಹಾಸಕಾರರ ಅನುಮಾನ. ಊಟದ ಮಧ್ಯೆ ಕರಿ ಹೋರಿಯ ತಲೆ ತಂದಿಟ್ಟರು ಅನ್ನುವ ಭಾಗ ಇದೆಯಲ್ಲ, ಅದು ಆಮೇಲೆ ಬರೆದವರು ಹಾಕಿದ ಒಗ್ಗರಣೆ. ಗೈಡ್‌ಗಳು ಒಗ್ಗರಣೆ ಮಾತ್ರ ಬಡಿಸುತ್ತಾರೆ.

1452ರದ್ದು ಅಧಿಕಾರದ ಜಗಳ, ಒಪ್ಪಿದೆ. ಆದರೂ 1455ರ ಹೊತ್ತಿಗೆ ಡಗ್ಲಸ್‌ಗಳ ನೆಲವೆಲ್ಲ ದೊರೆಯ ಬೊಕ್ಕಸಕ್ಕೆ ಸೇರಿತ್ತು.

ತುಳುನಾಡವಳು:

ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ, ಇನ್ನು ಬರೆಯದೆ ಇರೋಕಾಗಲ್ಲ. ನಾನು ಮಂಗಳೂರಿನವಳು, ಎಡಿನ್‌ಬರಾಕ್ಕೆ ಓದಲು ಬಂದವಳು. ಬೇಸಿಗೆ ರಜೆಯಲ್ಲಿ ಸ್ಕೈ ದ್ವೀಪದ ಡನ್‌ವೇಗನ್ ಕೋಟೆಗೆ ಹೋಗಿದ್ದೆ. ಮೆಕ್ಲೌಡ್ ಮನೆತನ 800 ವರ್ಷದಿಂದ ಅಲ್ಲೇ ಇದೆ. 1748ರವರೆಗೆ ಕೋಟೆಗೆ ಇದ್ದದ್ದು ಸಮುದ್ರದ ಕಡೆಯ ಬಾಗಿಲು ಮಾತ್ರ, ದೋಣಿಯಲ್ಲಿ ಬಂದು ಬಂಡೆ ಹತ್ತಿ ಒಳಗೆ ಹೋಗಬೇಕಿತ್ತು. ನಾನು ಆ ಬಾಗಿಲ ಹತ್ತಿರ ನಿಂತಾಗ ಕೆಳಗೆ ಇಳಿತದ ನೀರು, ಕಪ್ಪು ಕಲ್ಲು, ಹಸಿ ಪಾಚಿ ವಾಸನೆ. ಮಳೆಗಾಲದ ನಮ್ಮ ಬಂದರು ನೆನಪಾಯಿತು. ಒಳಗೆ ಗಾಜಿನ ಹಿಂದೆ ‘ಯಕ್ಷಿಣಿ ಬಾವುಟ’ ಇದೆ. ಚಿಂದಿಯಾದ ಹಳದಿ ರೇಷ್ಮೆ, ಕಿಟಕಿಗೆ ಹಾಕಿದ್ದರೆ ಅಮ್ಮ ನೆಲ ಒರೆಸಲು ತೆಗೆದುಕೊಳ್ಳುತ್ತಿದ್ದರು. ಮನೆತನಕ್ಕೆ ಕಷ್ಟ ಬಂದಾಗ ಬೀಸಿದರೆ ಕಾಪಾಡುತ್ತದಂತೆ, ಮೂರು ಸಲ ಮಾತ್ರ, ಎರಡು ಆಗಿಹೋಗಿದೆ.

ಸಾಲಕ್ಕೆ ಮಾತ್ರ ಬಾವುಟ ಕೆಲಸ ಮಾಡಲಿಲ್ಲ ಅಂತ ಕಾಣುತ್ತದೆ. 22ನೇ ನಾಯಕ ನಾರ್ಮನ್‌ಗೆ ‘ಕೆಟ್ಟ ಮನುಷ್ಯ’ ಅಂತಲೇ ಬಿರುದು. 1739ರಲ್ಲಿ ಸ್ಕೈ ಮತ್ತು ಹ್ಯಾರಿಸ್ ದ್ವೀಪಗಳಿಂದ ಸುಮಾರು ನೂರು ಜನರನ್ನು, ಹೆಂಗಸರು ಮಕ್ಕಳು ಸೇರಿ, ರಾತ್ರೋರಾತ್ರಿ ಹಿಡಿದು ಹಡಗಿಗೆ ತುಂಬಿದರು. ಅಮೆರಿಕದಲ್ಲಿ ಜೀತಕ್ಕೆ ಮಾರುವ ಲೆಕ್ಕ. ಹಡಗು ಐರ್ಲೆಂಡ್ ತೀರದಲ್ಲಿ ನಿಂತಾಗ ಜನ ತಪ್ಪಿಸಿಕೊಂಡು ಗುಟ್ಟು ರಟ್ಟಾಯಿತು. ಇದರಲ್ಲಿ ಈ ನಾಯಕನ ಹೆಸರೂ, ಪಕ್ಕದ ಸ್ಲೀಟ್‌ನ ಮೆಕ್‌ಡೊನಾಲ್ಡ್ ನಾಯಕನ ಹೆಸರೂ ಕೇಳಿಬಂತು, ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ. ನೂರು ಜನ, ಹೆಸರು ಹೇಳಿದರೆ ಕತ್ತಿ ಹಿಡಿದು ಬರುವ ‘ಮಕ್ಕಳು’! ಅದನ್ನು ಓದಿದ ಮೇಲೆ ಆ ಕೋಟೆಯ ತೋಟದಲ್ಲಿ ಗುಲಾಬಿ ನೋಡುವ ಮನಸ್ಸೇ ಬರಲಿಲ್ಲ.

1772ರಲ್ಲಿ ಅವನು ಸತ್ತಾಗ ಮೊಮ್ಮಗನಿಗೆ ಬಂದದ್ದು ಕೋಟೆ ಮತ್ತು 50,000 ಪೌಂಡ್ ಸಾಲ. ಮೊಮ್ಮಗನ ಹೆಸರೂ ನಾರ್ಮನ್, 18 ವರ್ಷ. 1779ರಲ್ಲಿ ಹ್ಯಾರಿಸ್ ದ್ವೀಪವನ್ನೇ ಮಾರಿದರು. ಅದೂ ಸಾಲಲಿಲ್ಲ. ಕೊನೆಗೆ ಸೈನ್ಯ ಕಟ್ಟಿಕೊಂಡು ಇಂಡಿಯಾಕ್ಕೆ ಹೊರಟ, 42ನೇ ಹೈಲ್ಯಾಂಡ್ ರೆಜಿಮೆಂಟಿನ ಎರಡನೇ ತುಕಡಿಗೆ ಅವನೇ ಮುಖ್ಯಸ್ಥ.

ಈಗ ನನ್ನೂರು ಬರುತ್ತದೆ. 1783ರ ಮೇ ತಿಂಗಳಿಂದ 1784ರ ಜನವರಿವರೆಗೆ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದನಲ್ಲ, ಒಳಗೆ ಕೂತು ಕುದುರೆ ಮಾಂಸ ತಿಂದುಕೊಂಡು ತಡೆದವರು ಇದೇ ತುಕಡಿ, ಕ್ಯಾಂಪ್‌ಬೆಲ್ ಅನ್ನುವ ಅಧಿಕಾರಿಯ ಕೈಕೆಳಗೆ. ಜನವರಿ 30ಕ್ಕೆ ಕೋಟೆ ಬಿಟ್ಟುಕೊಟ್ಟರು. ಕ್ಯಾಂಪ್‌ಬೆಲ್ ಮಾರ್ಚ್‌ನಲ್ಲಿ ಬಾಂಬೆಯಲ್ಲಿ ತೀರಿಕೊಂಡ, ಅದೇ ತಿಂಗಳು ಮಂಗಳೂರು ಒಪ್ಪಂದ ಆಯಿತು. ಅಷ್ಟರಲ್ಲಿ ಜನರಲ್ ಆಗಿದ್ದ ಮೆಕ್ಲೌಡ್ ಹೊರಗೆ ಸಮುದ್ರದ ಕಡೆಯಿಂದ ಓಡಾಡುತ್ತಿದ್ದ. ಟಿಪ್ಪು ಪತ್ರದಲ್ಲಿ ‘ನೀನು ಸುಳ್ಳು ಹೇಳಿದೆ’ ಅಂದಿದ್ದಕ್ಕೆ ಸಿಟ್ಟಾಗಿ, ‘ಧೈರ್ಯ ಇದ್ದರೆ ನಿನ್ನ ನೂರು ಜನ ಕರೆದುಕೊಂಡು ಕಡಲತೀರಕ್ಕೆ ಬಾ, ನನ್ನ ನೂರು ಜನ ಬರುತ್ತಾರೆ’ ಅಂತ ಸವಾಲು ಬರೆದ. ಪಕ್ಕದ ದ್ವೀಪದವರ ಜೊತೆ ಅವನ ಪೂರ್ವಜರು ಮಾಡಿಕೊಂಡು ಬಂದ ಜಗಳದ ಧಾಟಿಯೇ ಇದು! ಟಿಪ್ಪು ಇದಕ್ಕೆಲ್ಲ ಬೀಳಲಿಲ್ಲ.

ದುಡ್ಡು ಮಾಡಿಕೊಂಡು ವಾಪಸ್ ಹೋದ ಮೆಕ್ಲೌಡ್ 1790ರಲ್ಲಿ ಡನ್‌ವೇಗನ್ ರಿಪೇರಿ ಶುರು ಮಾಡಿಸಿದ. ಕೋಟೆಯ ಗೋಡೆಯ ಮೇಲೆ ಅವನ ಚಿತ್ರ ನೋಡುತ್ತಾ ನಿಂತಾಗ, ಈ ಗಾರೆಯಲ್ಲಿ ನಮ್ಮೂರಿನ ಕಡೆಯ ಕಾಸು ಎಷ್ಟಿರಬಹುದು ಅಂತ ಯೋಚನೆ ಬಂತು. ಇಷ್ಟೆಲ್ಲ ಮಾಡಿಯೂ 1801ರಲ್ಲಿ ಸತ್ತಾಗ ಮತ್ತೆ ಸಾಲ ಬಿಟ್ಟೇ ಹೋದ. ಚುನಾವಣೆಗೆ ನಿಂತಿದ್ದ, ಅದೂ ಒಂದು ಕಾರಣ.

ಗಂಜಾಂ ಗೆಳೆಯ:

ಅಬ್ಬಾ, ಇದು ಗೊತ್ತೇ ಇರಲಿಲ್ಲ. ಹಾಗಾದರೆ ನಮ್ಮ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್ ಕೂಡ ಇದೇ ಮೆಕ್ಲೌಡ್ ಪಡೆಯವನೇ ಅಲ್ವಾ? ‘ಲಾರ್ಡ್ ಮೆಕ್ಲೌಡ್ ಹೈಲ್ಯಾಂಡರ್ಸ್’ ಅಂತ ಎಲ್ಲೋ ಓದಿದ ನೆನಪು.

ಹಳೇ ಮೇಷ್ಟ್ರು:

ಎಲ್ಲರೂ ಎಡವುವ ಜಾಗ ಇದು. ಲಾರ್ಡ್ ಮೆಕ್ಲೌಡ್ ಅನ್ನುವವನು ಮೆಕ್ಲೌಡೇ ಅಲ್ಲ, ಮೆಕೆಂಜಿ! ಹೆಸರು ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲೌಡ್ ಅನ್ನುವುದು ಬಿರುದು. ಅವರ ಕೋಟೆ ಕ್ಯಾಸಲ್ ಲಿಯೋಡ್. ಅಪ್ಪ ಮೂರನೇ ಅರ್ಲ್ ಆಫ್ ಕ್ರೊಮಾರ್ಟಿ. 1745ರ ದಂಗೆಯಲ್ಲಿ ಅಪ್ಪ ಮಗ ಇಬ್ಬರೂ ಸ್ಟುವರ್ಟ್ ರಾಜಕುಮಾರನ ಕಡೆ ಸೇರಿ ಸಿಕ್ಕಿಬಿದ್ದರು. ಅಪ್ಪನಿಗೆ ಮರಣದಂಡನೆ ಆಯಿತು, ಹೆಂಡತಿ ದೊರೆಯ ಕಾಲಿಗೆ ಬಿದ್ದು ತಲೆ ಉಳಿಸಿಕೊಂಡಳು, ಆಸ್ತಿ ಹೋಯಿತು. ಮಗ ಸ್ವೀಡನ್ ಸೈನ್ಯಕ್ಕೆ ಹೋಗಿ ದುಡಿದ. ಮೂವತ್ತು ವರ್ಷ ಆದ ಮೇಲೆ ವಾಪಸ್ ಬಂದು, ಕೈಯಲ್ಲಿ ಒಂದು ಎಕರೆ ಇಲ್ಲದಿದ್ದರೂ ಹಳೇ ಹೆಸರಿನ ಬಲದ ಮೇಲೆ ಹೈಲ್ಯಾಂಡಿನಲ್ಲಿ ಜನ ಕೂಡಿಸಿ, 73ನೇ ರೆಜಿಮೆಂಟ್ ಕಟ್ಟಿದ. ಯಾವ ದೊರೆಮನೆಯ ವಿರುದ್ಧ ಕತ್ತಿ ಹಿಡಿದಿದ್ದನೋ ಅದೇ ಮನೆಗೆ. 1780ರಲ್ಲಿ ಮದ್ರಾಸಿಗೆ ಬಂದು ಹೈದರಾಲಿಯ ಮೇಲೆ ಹೋರಾಡಿದ. 1784ರಲ್ಲಿ ಸರ್ಕಾರ ಆಸ್ತಿ ವಾಪಸ್ ಕೊಟ್ಟಿತು, ಪುಕ್ಕಟೆ ಅಲ್ಲ, 19,000 ಪೌಂಡ್ ಕಟ್ಟಿಸಿಕೊಂಡು.

ಬೇರ್ಡ್ ಈ ಪಡೆಯ ಕ್ಯಾಪ್ಟನ್. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸಿಕ್ಕಿಬಿದ್ದು, 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆ. ಕೈದಿಗಳನ್ನು ಇಬ್ಬಿಬ್ಬರನ್ನು ಒಂದೇ ಸಂಕೋಲೆಗೆ ಹಾಕಿದ್ದಾರೆ ಅಂತ ಊರಲ್ಲಿ ಸುದ್ದಿ ಕೇಳಿದ ತಾಯಿ, ‘ಅಯ್ಯೋ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿ ಏನೋ’ ಅಂದಳಂತೆ.

ಗಂಜಾಂ ಗೆಳೆಯ:

ಹಹ್ಹಾ, ಸರಿಯಾದ ತಾಯಿ. ಅದೇ ಬೇರ್ಡ್ 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದವನು. ನಾವು ಚಿಕ್ಕವರಿದ್ದಾಗ ಆ ಒಡೆದ ಗೋಡೆಯ ಹತ್ತಿರವೇ ಕ್ರಿಕೆಟ್ ಆಡುತ್ತಿದ್ದೆವು. ಪಕ್ಕದ ‘ಬೇಲಿ ಡಂಜನ್’ ಅನ್ನುವ ಸೆರೆಮನೆಗೆ ಹೆಸರು ಬಂದ ಕರ್ನಲ್ ಬೇಲಿ ಕೂಡ ಸ್ಕಾಟ್ಲೆಂಡಿನವನೇ, ಇನ್ವರ್ನೆಸ್ ಹತ್ತಿರದ ಡುನೇನ್ ಮನೆತನ. ಅವನಿಗೆ ವಾಪಸ್ ಹೋಗುವ ಯೋಗ ಇರಲಿಲ್ಲ, 1782ರಲ್ಲಿ ಇಲ್ಲೇ ತೀರಿಕೊಂಡ. ಗೋರಿ ಗುಂಬಜ್ ಹತ್ತಿರ ಇದೆ.

ಅಬರ್ಡೀನ್ ಅಣ್ಣ:

ಬೇರ್ಡ್‌ನ ಸ್ಮಾರಕ ನಾನು ನೋಡಿದ್ದೇನೆ, ಕ್ರೀಫ್ ಊರಿನ ಹತ್ತಿರ ಗುಡ್ಡದ ಮೇಲೆ ಉದ್ದನೆಯ ಕಲ್ಲಿನ ಕಂಬ, ಹೆಂಡತಿ ಕಟ್ಟಿಸಿದ್ದು. ಗುಡ್ಡದ ಹೆಸರು ಟಾಮ್ ಅ ಚಾಸ್ಟೆಲ್, ಗೇಲಿಕ್‌ನಲ್ಲಿ ಕೋಟೆಗುಡ್ಡ. ಒಂದು ಕಾಲಕ್ಕೆ ಸ್ಟ್ರಾಥ್‌ಅರ್ನ್ ಅರ್ಲ್‌ಗಳ ಕೋಟೆ ಅಲ್ಲಿತ್ತು. ಆ ಕೋಟೆಯ ಒಂದು ಕಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಶ್ರೀರಂಗಪಟ್ಟಣ ಹಿಡಿದವನ ಕಂಬ ನಿಂತಿದೆ.

ಸಂಶಯಪ್ಪ:

ನಾನು ಸೋತೆ ಅನ್ನುವುದಿಲ್ಲ, ಆದರೆ ಒಂದು ಮಾತು ಸೇರಿಸುತ್ತೇನೆ. ಸಾಲ ಇಲ್ಲದ ಕಡೆ ಇನ್ನೂ ಕೆಟ್ಟದಾಯಿತು. ಸದರ್ಲೆಂಡ್ ಮನೆತನದ ಡನ್‌ರಾಬಿನ್ ನೋಡಿ, 189 ಕೋಣೆ, ಫ್ರಾನ್ಸಿನ ಅರಮನೆಯ ಹಾಗೆ ಚೂಪು ಗೋಪುರ. ಕೌಂಟೆಸ್ ಎಲಿಜಬೆತ್ ಮದುವೆಯಾಗಿದ್ದು ಇಂಗ್ಲೆಂಡಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬನನ್ನು. ಆ ದುಡ್ಡಿನಲ್ಲಿ ‘ಅಭಿವೃದ್ಧಿ’ ಶುರುವಾಯಿತು. ಕಣಿವೆಯಲ್ಲಿದ್ದ ಸಾವಿರಾರು ಜನರನ್ನು ಎಬ್ಬಿಸಿ ಕಡಲತೀರಕ್ಕೆ ಅಟ್ಟಿ, ಕಣಿವೆಯಲ್ಲಿ ಕುರಿ ಬಿಟ್ಟರು. 1814ರಲ್ಲಿ ಸ್ಟ್ರಾಥ್‌ನೇವರ್‌ನಲ್ಲಿ ಮನೆಗಳ ಸೂರಿಗೆ ಬೆಂಕಿ ಇಟ್ಟ ಆರೋಪದ ಮೇಲೆ ಪ್ಯಾಟ್ರಿಕ್ ಸೆಲ್ಲರ್ ಅನ್ನುವ ಏಜೆಂಟನ ವಿಚಾರಣೆ 1816ರಲ್ಲಿ ನಡೆಯಿತು, ಖುಲಾಸೆ ಆಯಿತು. ಗಂಡ 1833ರಲ್ಲಿ ಡ್ಯೂಕ್ ಆದ, ಅದೇ ವರ್ಷ ಸತ್ತ. ಬೆಟ್ಟದ ತುದಿಯಲ್ಲಿ ಅವನ ಭಾರೀ ಪ್ರತಿಮೆ ಇನ್ನೂ ಇದೆ. ಊರವರು ಅದನ್ನು ‘ಮ್ಯಾನಿ’ ಅನ್ನುತ್ತಾರೆ, ಕೆಡವಬೇಕು ಅಂತ ಪ್ರಯತ್ನ ಪಟ್ಟವರೂ ಇದ್ದಾರೆ.

ತುಳುನಾಡವಳು:

ನಿಜ. ಆದರೆ ಮೆಕ್ಲೌಡ್‌ಗಳಲ್ಲೂ ಎಲ್ಲರೂ ಒಂದೇ ಥರ ಅಲ್ಲ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದಾಗ 25ನೇ ನಾಯಕ ಕೈಯಲ್ಲಿದ್ದದ್ದನ್ನೆಲ್ಲ ಜನರ ಊಟಕ್ಕೆ ಸುರಿದು ದಿವಾಳಿಯಾದ. ಕೋಟೆ ಬಾಡಿಗೆಗೆ ಕೊಟ್ಟು ಲಂಡನ್ನಿಗೆ ಹೋಗಿ ಗುಮಾಸ್ತನಾಗಿ ಕೆಲಸ ಮಾಡಿದ.

ದಾರಿಹೋಕ:

ಬಸ್ಸಿನಲ್ಲಿ ಹತ್ತು ದಿನ ಕೂತು ಕೇಳಿದ್ದಕ್ಕಿಂತ ಇಲ್ಲಿ ಜಾಸ್ತಿ ಸಿಕ್ಕಿತು. ಕೊನೇ ಪ್ರಶ್ನೆ. ಈಗ ಈ ಕೋಟೆಗಳ ಖರ್ಚು ಹೇಗೆ ನಡೆಯುತ್ತೆ? ಟಿಕೆಟ್ ದುಡ್ಡಲ್ಲೇನಾ?

ಅಬರ್ಡೀನ್ ಅಣ್ಣ:

ಟಿಕೆಟ್, ಮದುವೆ ಬಾಡಿಗೆ, ಸಿನಿಮಾ ಶೂಟಿಂಗ್, ಟೀ ಅಂಗಡಿ. ಸಾಲದೇ ಹೋದಾಗ ಬೆಟ್ಟ ಮಾರುತ್ತಾರೆ. ತಮಾಷೆ ಅಲ್ಲ. 2000ದಲ್ಲಿ ಡನ್‌ವೇಗನ್ನಿನ ಸೂರು ಸೋರುತ್ತಿದೆ ಅಂತ 29ನೇ ನಾಯಕ ಜಾನ್ ಮೆಕ್ಲೌಡ್ ಬ್ಲ್ಯಾಕ್ ಕುಯಿಲಿನ್ ಬೆಟ್ಟಸಾಲನ್ನೇ 1 ಕೋಟಿ ಪೌಂಡಿಗೆ ಮಾರಾಟಕ್ಕಿಟ್ಟ. ದೇಶವೆಲ್ಲ ಗಲಾಟೆ, ಬೆಟ್ಟ ನಿನ್ನದು ಅನ್ನೋದಕ್ಕೆ ದಾಖಲೆ ತೋರಿಸು ಅಂತ ಜನ ಬಿದ್ದರು. ಕೊನೆಗೆ ಮಾರಾಟ ಆಗಲಿಲ್ಲ.

ಪ್ರಶ್ನೆಪುಟ್ಟಿ:

ಬೆಟ್ಟ ಮಾರೋಕೆ ಹೊರಟ ಮನುಷ್ಯನ ಬಗ್ಗೆ ಇನ್ನೂ ಏನಾದ್ರೂ ಹೇಳಿ ಅಣ್ಣಾ.

ತುಳುನಾಡವಳು:

ನಾನು ಹೇಳ್ತೀನಿ. ಡನ್‌ವೇಗನ್‌ನಲ್ಲಿ ರೋರಿ ಮೋರ್ ಅನ್ನುವ ಹಳೇ ನಾಯಕನ ಹೆಸರಿನ ಒಂದು ಕೊಂಬು ಇದೆ, ಬೆಳ್ಳಿ ಕಟ್ಟು ಹಾಕಿದ್ದು. ವಾರಸುದಾರನಾದವನು ಅದರ ತುಂಬ ಕೆಂಪು ವೈನ್ ಹಾಕಿಸಿಕೊಂಡು, ಕೆಳಗಿಡದೆ, ಬೀಳದೆ, ಒಂದೇ ಸಲಕ್ಕೆ ಕುಡಿಯಬೇಕು. ಒಂದೂವರೆ ಬಾಟಲಿ ಹಿಡಿಯುತ್ತದೆ. ಈ ಜಾನ್ 1965ರಲ್ಲಿ 1 ನಿಮಿಷ 57 ಸೆಕೆಂಡಿನಲ್ಲಿ ಖಾಲಿ ಮಾಡಿದ.